ಜಾಗ ಸಾಲದ ನಾಲ್ಕು

ವರ್ಷದ ಕೊನೆಯ ವಾರದಲ್ಲಿ ನಮ್ಮ ಮನೆಗೆ ಐದಾರು ಕ್ಯಾಲೆಂಡರುಗಳು ಬಂದು ಸೇರುತ್ತವೆ. ಔಷಧಿ ಅಂಗಡಿಯವರದೊಂದು, ಚಿನ್ನದಂಗಡಿಯವರದೊಂದು, ದಿನಸಿ ಅಂಗಡಿಯವರದೊಂದು, ಯಾರು ಕೊಟ್ಟರೆಂದೇ ಗೊತ್ತಾಗದ ಇನ್ನೆರಡು. ಅವನ್ನೆಲ್ಲ ಊಟದ ಮೇಜಿನ ಮೇಲೆ ಬಿಡಿಸಿ, ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಮೂಲೆಗೊಂದು ಲೋಟವನ್ನೋ ಉಪ್ಪಿನಕಾಯಿ ಜಾಡಿಯನ್ನೋ ಇಟ್ಟು, ಯಾವುದು ಅಡುಗೆಮನೆಯ ಮೊಳೆಗೆ ಏರಬೇಕೆಂದು ನಾನೂ ನನ್ನ ಹೆಂಡತಿ ವಿಶಾಲಾಕ್ಷಿಯೂ ಅಳೆದೂ ಸುರಿದೂ ನೋಡುತ್ತೇವೆ. ಅವಳಿಗೆ ಬೇಕಾದದ್ದು ತಾರೀಖಿನ ಪಕ್ಕದಲ್ಲಿ ಸಿಲಿಂಡರ್ ಬಂದ ದಿನವನ್ನೋ ಹಾಲು ಬೇಡವೆಂದ ದಿನವನ್ನೋ ಗುರುತು ಹಾಕಿಕೊಳ್ಳಲು ಬೆರಳಗಲದ ಖಾಲಿ ಜಾಗ. ನಾನು ನೋಡುವುದು ಅಂಕಿಗಳ ರೂಪವನ್ನು. ಎರಡರ ಕತ್ತು ಹೇಗೆ ಬಾಗಿದೆ, ಐದರ ಟೊಪ್ಪಿಗೆ ತಲೆಯ ಮೇಲೆ ಭದ್ರವಾಗಿ ಕೂತಿದೆಯೋ ಗಾಳಿಗೆ ಹಾರಿಹೋಗುವಂತಿದೆಯೋ, ಹನ್ನೊಂದರ ಎರಡು ಒಂದುಗಳು ಪಾಲಾದ ಅಣ್ಣತಮ್ಮಂದಿರಂತೆ ದೂರ ದೂರ ನಿಂತಿವೆಯೋ, ಎಂಟರ ಮೇಲಿನ ಸುತ್ತು ಕೆಳಗಿನದಕ್ಕಿಂತ ಒಂದು ಕೂದಲೆಳೆಯಷ್ಟು ಸಣ್ಣದಾಗಿದೆಯೋ ಇಲ್ಲವೋ. ಸಣ್ಣದಾಗಿರದಿದ್ದರೆ ಎಂಟು ತಲೆಭಾರದಿಂದ ಮಗುಚಿಕೊಳ್ಳುವಂತೆ ಕಾಣುತ್ತದೆ. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಕ್ಯಾಲೆಂಡರನ್ನೇ ಒಮ್ಮೆ ತಲೆಕೆಳಗು ಹಿಡಿದು ನೋಡಿ. "ತಾರೀಖು ನೋಡೋದು ಬಿಟ್ಟು ಹೆಣ್ಣು ನೋಡೋಕೆ ಬಂದೋರ ಥರ ಮಾಡ್ತೀರಲ್ರೀ" ಎಂದು ವಿಶಾಲಾಕ್ಷಿ ಪ್ರತಿವರ್ಷವೂ ಹೇಳುತ್ತಾಳೆ. ಪ್ರತಿವರ್ಷವೂ ಕೊನೆಗೆ ಅವಳು ಆರಿಸಿದ್ದೇ ಮೊಳೆಗೆ ಏರುತ್ತದೆ.

ಈ ಚಾಳಿ ನನಗೆ ಹೊಟ್ಟೆಪಾಡಿನಿಂದ ಅಂಟಿದ್ದು. ನಾನು ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಇಂಜಿನಿಯರುಗಳು ಮನಸ್ಸಿನಲ್ಲಿ ಕಟ್ಟಿದ್ದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸುವುದು ನನ್ನ ಕೆಲಸ. ಗೆರೆ ಎಳೆಯುವುದನ್ನು ಆರು ತಿಂಗಳಲ್ಲಿ ಕಲಿತೆ, ಅಂಕಿ ಬರೆಯುವುದನ್ನು ಕಲಿಯಲು ಆರು ವರ್ಷ ಹಿಡಿಯಿತು. ನನಗೆ ಕೆಲಸ ಹೇಳಿಕೊಟ್ಟ ಹಿರಿಯರು ಮೊದಲ ದಿನವೇ ನನ್ನ ಹಾಳೆಯನ್ನು ಕೈಯಲ್ಲಿ ಹಿಡಿದು, "ಇದನ್ನ ಓದೋನು ನೀನಲ್ಲ ಕಣಯ್ಯಾ, ಮಟಮಟ ಬಿಸಿಲಲ್ಲಿ ಕರಣೆ ಹಿಡ್ಕೊಂಡು ನಿಂತಿರೋ ಮೇಸ್ತ್ರಿ. ಅವನ ಕಣ್ಣಿಗೆ ಮೂರು ಎಂಟಾಗಿ ಕಂಡ್ರೆ ಗೋಡೆ ಪಕ್ಕದವರ ಸೈಟಲ್ಲಿ ಏಳುತ್ತೆ" ಎಂದಿದ್ದರು. ಆದ್ದರಿಂದ ನಮ್ಮ ಮೂರಕ್ಕೆ ಬಾಯಿ ಅಗಲ, ಏಳರ ನಡುವಿಗೆ ಒಂದು ಅಡ್ಡಗೆರೆ, ನಾಲ್ಕರ ಮೇಲ್ಭಾಗ ತೆರೆದ ಬಾಗಿಲು. ಹತ್ತು ಅಂಕಿಗಳಲ್ಲಿ ಯಾವುದೂ ಇನ್ನೊಂದರ ವೇಷ ಹಾಕಬಾರದು, ಯಾವುದೂ ತನ್ನ ಪಾಲಿನ ಜಾಗಕ್ಕಿಂತ ಹೆಚ್ಚು ಕೇಳಬಾರದು. ಇಷ್ಟಾದರೆ ಚೆಲುವು ತಾನಾಗಿ ಬರುತ್ತದೆಂದು ನಾನು ನಂಬಿದ್ದೆ, ಮತ್ತು ಆ ನಂಬಿಕೆಯ ಮೇಲೆ ಸಾವಿರಾರು ಹಾಳೆಗಳನ್ನು ತುಂಬಿಸಿದ್ದೆ.

ನಿವೃತ್ತನಾದ ಮೇಲೆ ಹಾಳೆಗಳು ಹೋದವು, ಕಣ್ಣು ಮಾತ್ರ ಹಾಗೇ ಉಳಿಯಿತು. ಊರು ಇಡೀ ಅಂಕಿಗಳಿಂದ ತುಂಬಿದೆ ಎಂಬುದು ನನಗೆ ಆಗಲೇ ತಿಳಿದದ್ದು. ಮೆಟ್ರೋ ಕಂಬಗಳಿಗೆ ಬರೆದ ನಂಬರುಗಳು ಈಗ ವಿಳಾಸಗಳೇ ಆಗಿವೆ. ಬೀದಿಯ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುವವರು ಕಂಬದ ನಂಬರು ಹೇಳಿದರೆ ಕಣ್ಣುಮುಚ್ಚಿ ಬಂದು ನಿಲ್ಲುತ್ತಾರೆ. ದರ್ಜಿಯ ಟೇಪಿನ ಮೇಲಿನ ಪುಟ್ಟ ಅಂಕಿಗಳು ಎಷ್ಟೋ ಜನರ ಹೊಟ್ಟೆಯ ಗುಟ್ಟನ್ನು ಕಂಡೂ ಮುಖಭಾವ ಬದಲಿಸುವುದಿಲ್ಲ. ನೀರಿನ ಮೀಟರಿನ ಕಿಂಡಿಯಲ್ಲಿ ಮೂರು ಇನ್ನೂ ಹೋಗಿಲ್ಲ, ನಾಲ್ಕು ಇನ್ನೂ ಬಂದಿಲ್ಲ, ಎರಡೂ ಅರ್ಧರ್ಧ ಕಾಣುವ ಒಂದು ಗಳಿಗೆಯಿದೆ. ಅದನ್ನು ನೋಡುತ್ತಾ ಸಂಪಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ ನನ್ನನ್ನು ನೋಡಿ ನೀರು ಸೋರುತ್ತಿರಬೇಕೆಂದು ನೆರೆಯವರು ಪ್ಲಂಬರನಿಗೆ ಫೋನು ಮಾಡಿದ್ದೂ ಉಂಟು. ಇನ್ನು ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಡಬರಿಯ ಕಂಠಕ್ಕೆ ಚುಕ್ಕಿ ಚುಕ್ಕಿಯಾಗಿ ಹೆಸರನ್ನೂ ಮದುವೆಯ ತಾರೀಖನ್ನೂ ಕೆತ್ತಿಕೊಡುತ್ತಾರಲ್ಲ, ಆ ನಡುಗುವ ಸೂಜಿಯಿಂದ ಹುಟ್ಟುವ ಅಂಕಿಗಳು ನನಗೆ ಬಹಳ ಇಷ್ಟ. ಅವು ಮನೆಯಂಗಳದ ರಂಗೋಲಿಯಂತೆ ಚುಕ್ಕಿಯಲ್ಲೇ ಹುಟ್ಟಿ, ಎಷ್ಟು ತಿಕ್ಕಿದರೂ ಹೋಗದೆ, ಯಾರದೋ ಮದುವೆಯ ದಿನವನ್ನು ಸಾರಿನೊಂದಿಗೆ ಮೂರು ತಲೆಮಾರಿಗೆ ಬಡಿಸುತ್ತಿರುತ್ತವೆ.

ಅಕ್ಷರಗಳಿಗಿಲ್ಲದ ಒಂದು ಕಷ್ಟ ಅಂಕಿಗಳಿಗಿದೆ. ಪದದೊಳಗೆ ಒಂದು ಅಕ್ಷರ ಮಾಸಿದರೆ ಅಕ್ಕಪಕ್ಕದವು ಕೈಹಿಡಿದು ನಡೆಸುತ್ತವೆ. ಬಸ್ಸಿನ ಹಲಗೆಯಲ್ಲಿ ವಿಜಯನಗರದ ಒಂದಕ್ಷರ ಅಳಿಸಿಹೋಗಿದ್ದರೂ ನಾವು ತಪ್ಪದೆ ಹತ್ತುತ್ತೇವೆ. ಅದೇ ಹಲಗೆಯ ನಂಬರಿನಲ್ಲಿ ಒಂದಂಕಿ ಅಳಿಸಿದ್ದರೆ ಊಹೆಗೆ ದಾರಿಯೇ ಇಲ್ಲ, ಬಸ್ಸು ಎಲ್ಲಿಗಾದರೂ ಹೋಗಬಹುದು. ಅಂಕಿ ಒಂಟಿಯಾಗಿ ನಿಂತು ತನ್ನ ಮರ್ಯಾದೆಯನ್ನು ತಾನೇ ಕಾಯ್ದುಕೊಳ್ಳಬೇಕು. ಅದಕ್ಕೇ ಇರಬೇಕು, ಒಳ್ಳೆಯ ಅಂಕಿಯ ಮುಖದಲ್ಲಿ ಒಂದು ಗಾಂಭೀರ್ಯವಿರುತ್ತದೆ. ನಮ್ಮ ಕನ್ನಡದ ಅಂಕಿಗಳಿಗೆ ಮಾತ್ರ ಈ ಗಾಂಭೀರ್ಯ ಅಷ್ಟಾಗಿ ಒಗ್ಗಲಿಲ್ಲ. ಅವು ಉಂಡು ಕೂತವರಂತೆ ದುಂಡುದುಂಡಗಿವೆ. ಅದರಲ್ಲೂ ೪ ನನಗೆ ಅಚ್ಚುಮೆಚ್ಚು. ಕೆಳಗೊಂದು ತುಂಬಿದ ಹೊಟ್ಟೆ, ಮೇಲೆ ಎರಡು ಕಡೆಗೆ ಚಾಚಿದ ಕೈ. ಬಾಗಿಲಿಗೆ ಬಂದವರನ್ನು ಬನ್ನಿ ಎಂದು ಕರೆಯುವುದಕ್ಕೆಂದೇ ಯಾರೋ ಮಾಡಿಟ್ಟ ಹಾಗಿದೆ. ಕೈಗಡಿಯಾರದಿಂದ ಮೀಟರ್‌ವರೆಗೆ ಎಲ್ಲೆಡೆ ಈಗ ಏಳು ಕಡ್ಡಿಗಳನ್ನು ಹೊತ್ತಿಸಿ ಆರಿಸಿ ಅಂಕಿ ಮಾಡುತ್ತಾರೆ. ಆ ಏಳು ಕಡ್ಡಿಗಳನ್ನು ಹೇಗೆ ಮುರಿದು ಜೋಡಿಸಿದರೂ ಈ ದುಂಡು ೪ ಹುಟ್ಟುವುದಿಲ್ಲ. ನಾನು ಕಾಗದದ ಮೇಲೆ ಪ್ರಯತ್ನಿಸಿ ಸೋತಿದ್ದೇನೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಯಾಕೆಂದರೆ, ಈ ನಾಲ್ಕರ ವಿಷಯದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ.

ನಮ್ಮದು ವಿಜಯನಗರದ ಮಾರುಕಟ್ಟೆಗೆ ಎರಡು ಕ್ರಾಸ್ ಆಚೆಗಿರುವ, ಮೂರು ಮಹಡಿಯ, ಹನ್ನೆರಡು ಮನೆಗಳ, ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟು. ಹನ್ನೆರಡು ಬಾಗಿಲಿಗೂ ಒಂದೇ ಬಣ್ಣ, ಒಂದೇ ಹಿಡಿ, ಒಂದೇ ನಮೂನೆಯ ತೋರಣ. ಬಾಗಿಲ ಮೇಲಿನ ನಂಬರುಗಳನ್ನು ನಮ್ಮ ಸಂಘದ ಕಾರ್ಯದರ್ಶಿ ಮಂಜುನಾಥ್ ಆನ್‌ಲೈನಿನಲ್ಲಿ ತರಿಸಿದರು. ಸ್ಟೀಲಿನ, ತೆಳ್ಳಗಿನ, ಉಪವಾಸ ಬಿದ್ದ ಅಂಕಿಗಳು. ನಮ್ಮದು 303. ಎದುರಿನ 302ರಲ್ಲಿ ಗಿರಿಜಮ್ಮ ಟೀಚರ್ ಮತ್ತು ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಅವರ ಮಗಳು ಸುಮಾ ಇದ್ದಾರೆ. ಟೀಚರ್ ರಾಜಾಜಿನಗರದ ಒಂದು ಕನ್ನಡ ಶಾಲೆಯಲ್ಲಿ ಬಹುಕಾಲ ಲೆಕ್ಕ ಹೇಳಿಕೊಟ್ಟವರು. ಅವರ ಯಜಮಾನರು ಚನ್ನಬಸಪ್ಪನವರು ಬಿನ್ನಿಪೇಟೆಯ ಕಡೆ ಒಂದು ಗಿರಣಿಯಲ್ಲಿ ಗುಮಾಸ್ತರಾಗಿದ್ದರಂತೆ. ರಾಜಾಜಿನಗರದಲ್ಲೇ ಪುಟ್ಟದೊಂದು ಸ್ವಂತ ಮನೆಯಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಮಾರಿ ತಾಯಿ ಮಗಳು ಇಲ್ಲಿಗೆ ಬಂದು ಆರು ವರ್ಷವಾಯಿತು.

ಟೀಚರಿಗೆ ಈಗ ಎಪ್ಪತ್ತೆಂಟು. ಬೆಳಿಗ್ಗೆ ಹತ್ತು ಗಂಟೆಗೆ ಬಟ್ಟೆಯ ಚೀಲ ಹಿಡಿದು ಒಬ್ಬರೇ ಮಾರುಕಟ್ಟೆಗೆ ಹೋಗಿ, ಸೊಪ್ಪಿನವಳ ಜೊತೆ ಚೌಕಾಸಿ ಮಾಡಿ, ಎರಡು ಕಟ್ಟು ದಂಟೋ ಪಾಲಕ್ಕೋ ತೆಗೆದುಕೊಂಡು, ಹಾದಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹನ್ನೊಂದಕ್ಕೆ ಮರಳುವುದು ಅವರ ಪದ್ಧತಿ. ದಿನದಲ್ಲಿ ಆ ಒಂದು ಗಂಟೆ ಪೂರ್ತಿ ಅವರದು. ಕಳೆದ ವರ್ಷದಿಂದ ಅವರಿಗೆ ಮರೆವು ಹತ್ತಿದೆ. ಹತ್ತೊಂಬತ್ತರ ಮಗ್ಗಿಯನ್ನು ಇವತ್ತಿಗೂ ತಡವರಿಸದೆ ಹೇಳುತ್ತಾರೆ, ಆದರೆ ತಿಂಡಿ ತಿಂದ ಅರ್ಧ ಗಂಟೆಗೆ ತಿಂಡಿ ಏನು ಎಂದು ಕೇಳುತ್ತಾರೆ. ಮಾರುಕಟ್ಟೆಯ ದಾರಿ ಕಾಲಿಗೇ ಗೊತ್ತಿದ್ದರಿಂದ ಕಟ್ಟಡದವರೆಗೆ ತಪ್ಪದೆ ಬರುತ್ತಿದ್ದರು. ತೊಂದರೆಯಾಗುತ್ತಿದ್ದದ್ದು ಕಟ್ಟಡದೊಳಗೆ. ಒಮ್ಮೆ 102ಕ್ಕೆ ಹೋಗಿ, ಸೋಫಾದ ಮೇಲೆ ಕುಳಿತು ಕಾಫಿ ಕೇಳಿದರು. ಆ ಮನೆಯವರು ಒಳ್ಳೆಯವರು, ಕಾಫಿ ಕೊಟ್ಟು ಆಮೇಲೆ ಮೇಲೆ ಕರೆತಂದರು.

ಒಂದು ದಿನ ಎರಡನೆಯ ಮಹಡಿಯಲ್ಲಿ ಅವರು ಬಾಗಿಲು ಬಾಗಿಲಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದನ್ನು ಕಂಡು ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ.

"ಮನೆ ಹುಡುಕ್ತಾ ಇದೀನಿ ಶಿವಣ್ಣನೋರೇ" ಎಂದರು.

"ನಂಬರ್ ಎಷ್ಟು ಟೀಚರ್ ನಿಮ್ದು?"

"ನಲವತ್ತನಾಲ್ಕು. ಇದು ಇನ್ನೂರಾ ಎರಡು. ಕೆಳಗಡೆದು ನೂರಾ ಎರಡು. ಎಲ್ಲಾ ನೋಡ್ಕೊಂಡು ಬಂದೆ, ನಲವತ್ತನಾಲ್ಕೇ ಇಲ್ಲ ಇಲ್ಲಿ."

ಅವರು ಯಾವ ಅಂಕಿಯನ್ನೂ ತಪ್ಪು ಓದುತ್ತಿರಲಿಲ್ಲ. ಈ ಕಟ್ಟಡದಲ್ಲಿಲ್ಲದ ಒಂದು ಮನೆಯನ್ನು ಕ್ರಮವಾಗಿ, ಲೆಕ್ಕದ ಟೀಚರಿಗೆ ತಕ್ಕ ಶಿಸ್ತಿನಿಂದ ಹುಡುಕುತ್ತಿದ್ದರು. ಸಂಜೆ ಸುಮಾಳನ್ನು ಕೇಳಿದೆ. ನಲವತ್ತನಾಲ್ಕು ರಾಜಾಜಿನಗರದ ಮನೆಯ ನಂಬರು. "ಅಪ್ಪ ತಾವೇ ಬರ್ದಿದ್ರು ಅಂಕಲ್, ಗೇಟಿನ ಕಂಬದ ಮೇಲೆ, ಗೇಟಿಗೆ ಹೊಡ್ದು ಮಿಕ್ಕಿದ್ದ ಹಸಿರು ಪೇಂಟಲ್ಲಿ" ಎಂದು ಅವಳು ಒಂದು ಫೋಟೋ ತಂದು ತೋರಿಸಿದಳು. ಆಯುಧಪೂಜೆಯ ದಿನದ ಫೋಟೋ. ಚೆಂಡುಹೂವಿನ ಹಾರ ಹಾಕಿಸಿಕೊಂಡ ಸ್ಕೂಟರು, ಅದರ ಹಿಂದೆ ಕಡ್ಡಿಯಂಥ ಚನ್ನಬಸಪ್ಪನವರು, ತುಂಬುಗೆನ್ನೆಯ ಟೀಚರು, ಮತ್ತು ಅವರ ಪಕ್ಕದಲ್ಲಿ ಗೇಟಿನ ಕಂಬ. ಕಂಬದ ಮೇಲೆ ಎದ್ದು ಕಾಣುವ ಹಸಿರು ೪೪.

ಅದನ್ನು ನೋಡಿ ನನಗೆ ಹಲ್ಲುನೋವು ಬಂದಂತಾಯಿತು. ಪಾಪ, ಅಳತೆ ಮಾಡಿಕೊಳ್ಳದೆ ಬರೆದವರ ಪಾಡು ಯಾವಾಗಲೂ ಅದೇ. ಮೊದಲ ನಾಲ್ಕನ್ನು ಧಾರಾಳವಾಗಿ, ಹಬ್ಬದೂಟ ಮಾಡಿದಷ್ಟು ಹೊಟ್ಟೆ ಬರಿಸಿ ಬರೆದಿದ್ದಾರೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಕಂಬದ ಅಂಚು ಬಂದುಬಿಟ್ಟಿದೆ. ಹಾಗಾಗಿ ಅದು ಸೊರಗಿ, ಸ್ವಲ್ಪ ಕೆಳಗೆ ಜಾರಿ, ಬಸ್ಸಿನ ಸೀಟಿನ ತುದಿಯಲ್ಲಿ ಅರ್ಧ ಕೂತವರಂತೆ ಮುದುಡಿಕೊಂಡಿದೆ. ಅದರ ಬಲಗೈ ಚಾಚಲು ಜಾಗವಿಲ್ಲದೆ ನೆಟ್ಟಗೆ ಮೇಲಕ್ಕೆದ್ದಿದೆ.

ನಾನು ಸುಮಾಳಿಗೆ, ಬಾಗಿಲಿಗೆ ಈ ನಂಬರಿನದೇ ಒಂದು ಹಲಗೆ ಮಾಡಿಕೊಡುತ್ತೇನೆ, ಟೀಚರ್ ಅದನ್ನು ನೋಡಿ ಮನೆ ಗುರುತು ಹಿಡಿಯಬಹುದು ಎಂದೆ. ಅವಳ ಮುಖ ಅರಳಿತು. ಮಂಜುನಾಥ್ ಮಾತ್ರ, "302ರ ಬಾಗ್ಲಿಗೆ ನಲವತ್ತನಾಲ್ಕು ಅಂತ ಹಾಕಿದ್ರೆ ಕೊರಿಯರ್‌ನೋರು ನನ್ನ ಪ್ರಾಣ ತಿಂತಾರೆ ಸಾರ್" ಎಂದು ಗೊಣಗಿದರು. ಸ್ಟೀಲಿನ ನಂಬರು ಇದ್ದಲ್ಲೇ ಇರಲಿ, ಹಲಗೆ ಅದರ ಕೆಳಗೆ ಬರಲಿ ಎಂದು ರಾಜಿಯಾಯಿತು. ನಾನು ಒಂದು ವಾರ ಕುಳಿತು ಹಲಗೆ ಮಾಡಿದೆ. ಅದೇ ಹಸಿರು, ಅದೇ ಕನ್ನಡದ ಅಂಕಿ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ; ಚನ್ನಬಸಪ್ಪನವರ ತಪ್ಪನ್ನು ತಿದ್ದದೆ ಬಿಡಲು ನನ್ನ ಕೈ ಒಪ್ಪಲಿಲ್ಲ. ಸಮನಾದ ಎರಡು ಚೌಕ ಹಾಕಿಕೊಂಡು, ಎರಡು ನಾಲ್ಕುಗಳನ್ನೂ ಒಂದೇ ಅಚ್ಚಿನಲ್ಲಿ ತೆಗೆದಂತೆ, ಹೊಟ್ಟೆಗೆ ಹೊಟ್ಟೆ ಕೈಗೆ ಕೈ ಸರಿಹೊಂದಿಸಿ ಬರೆದೆ. ಸತ್ತವರಿಗೆ ಒಂದು ಉಪಕಾರ ಮಾಡಿದೆನೆಂಬ ಭಾವನೆಯೂ ನನಗಿತ್ತು. ಅಷ್ಟು ಚೆಂದದ ಅಂಕಿಗಳನ್ನು ನಾನು ಕಚೇರಿಯಲ್ಲೂ ಬರೆದಿರಲಿಲ್ಲ.

ಹಲಗೆ ಹಾಕಿದ ದಿನ ಹನ್ನೊಂದಕ್ಕೆ ಟೀಚರ್ ಸೊಪ್ಪು ಹಿಡಿದು ಮೆಟ್ಟಿಲೇರಿ ಬಂದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಅವರು ಹಲಗೆಯ ಮುಂದೆ ನಿಂತರು, ಕನ್ನಡಕ ಸರಿಮಾಡಿಕೊಂಡರು, ಕಾಪಿ ಪುಸ್ತಕ ತಿದ್ದುವವರಂತೆ ಎಡದಿಂದ ಬಲಕ್ಕೆ ನೋಡಿದರು.

"ನಲವತ್ತನಾಲ್ಕು" ಎಂದು ಓದಿದರು.

"ನಿಮ್ಮನೇನೇ ಟೀಚರ್" ಎಂದೆ.

"ಅಂಕಿ ಸರಿಯಾಗಿದೆ" ಎಂದು ತಲೆಯಾಡಿಸಿದರು. "ಮನೆ ನಮ್ಮದಲ್ಲ."

ಹಾಗೆಂದು ತಿರುಗಿ ಮೆಟ್ಟಿಲಿಳಿದರು. ಎಂದಿನಂತೆ ಕೆಳಗಿನ ಮನೆಗಳನ್ನೆಲ್ಲ ನೋಡಿಕೊಂಡು ಮತ್ತೆ ಬರುತ್ತಾರೆ ಎಂದುಕೊಂಡು ನಾನು ಒಳಗೆ ಬಂದೆ. ನಿಜ ಹೇಳಬೇಕೆಂದರೆ, ಇಷ್ಟು ಚೆನ್ನಾಗಿ ಬರೆದ ಅಂಕಿ ಫೇಲಾಯಿತಲ್ಲ ಎಂಬ ಮುನಿಸಿನಲ್ಲಿದ್ದೆ. ಹದಿನೈದು ನಿಮಿಷದ ಮೇಲೆ ಕೆಳಗಿಳಿದು ನೋಡಿದರೆ ಟೀಚರ್ ಯಾವ ಮಹಡಿಯಲ್ಲೂ ಇರಲಿಲ್ಲ, ರಸ್ತೆಯಲ್ಲೂ ಇರಲಿಲ್ಲ.

ಸುಮಾ ಕಚೇರಿಯಿಂದ ಓಡಿಬಂದಳು. ನಾನು, ವಿಶಾಲಾಕ್ಷಿ, ಮಂಜುನಾಥ್ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದೆವು. ಮಾರುಕಟ್ಟೆ, ಮೆಟ್ರೋ ನಿಲ್ದಾಣ, ಬಸ್ ನಿಲ್ದಾಣ, ದೇವಸ್ಥಾನ. ಎರಡು ಗಂಟೆಯ ಹೊತ್ತು ಕಂಡಕಂಡ ಮುದುಕಿಯರೆಲ್ಲ ನನಗೆ ಗಿರಿಜಮ್ಮನವರಾಗಿ ಕಂಡರು. ಒಂದೂವರೆಗೆ ಸುಮಾಳ ಮೊಬೈಲಿಗೆ ರಾಜಾಜಿನಗರದಿಂದ ಕರೆ ಬಂತು. ಚೀಲದ ಒಳಗೆ ಅವಳು ಹೊಲಿದಿಟ್ಟಿದ್ದ ನಂಬರನ್ನು ನೋಡಿ ಒಂದು ಅಂಗಡಿಯ ಹೆಂಗಸು ಮಾಡಿದ ಕರೆ. ಟೀಚರ್ ಆಟೋ ಹತ್ತಿ ತಮ್ಮ ಹಳೆಯ ಬೀದಿಗೇ ಹೋಗಿದ್ದರು. ಮನೆಯಿದ್ದ ಜಾಗದಲ್ಲಿ ಈಗ ಬಚ್ಚಲುಮನೆಯ ಟೈಲ್ಸ್ ಮಾರುವ ಗಾಜಿನ ಮಳಿಗೆಯಿದೆ. ಒಳಗೆ ಬನ್ನಿ ಅಜ್ಜಿ ಎಂದರೂ ಹೋಗದೆ, ಮೆಟ್ಟಿಲ ಮೇಲೆ ಬಿಸಿಲಲ್ಲಿ ಕುಳಿತು, ಯಜಮಾನರು ಬಂದು ಗೇಟು ತೆಗೆಯಲಿ ಎಂದು ಕಾಯುತ್ತಿದ್ದರಂತೆ. ನಾವು ಹೋಗುವಷ್ಟರಲ್ಲಿ ಸೊಪ್ಪು ಬಾಡಿತ್ತು.

ಮಾರನೆಯ ದಿನದಿಂದ ಸುಮಾ ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕತೊಡಗಿದಳು. ಇನ್ನೊಂದು ಕೀಲಿಯನ್ನು ಏನಾದರೂ ಅವಘಡವಾದರೆ ಇರಲಿ ಎಂದು ನಮ್ಮ ಕೈಗೆ ಕೊಟ್ಟಳು. ಅವಳನ್ನು ತಪ್ಪು ಎನ್ನುವ ಹಕ್ಕು ಯಾರಿಗಿದೆ? ನೋಡಿಕೊಳ್ಳಲೆಂದು ಇಟ್ಟಿದ್ದ ಹೆಂಗಸನ್ನು ಟೀಚರ್ ಎರಡೇ ದಿನಕ್ಕೆ ಓಡಿಸಿದ್ದರು. ವಿಶಾಲಾಕ್ಷಿ ಜೊತೆಗೆ ಬರುತ್ತೇನೆಂದರೆ, "ನಾನೇನು ಎಲ್‌ಕೆಜಿ ಮಗೂನಾ?" ಎಂದು ಚೀಲವನ್ನೇ ಕೆಳಗಿಟ್ಟುಬಿಡುತ್ತಿದ್ದರು. ಈಗ ಹತ್ತು ಗಂಟೆಯಾದೊಡನೆ 302ರ ಬಾಗಿಲ ಒಳಗಿನಿಂದ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯುವ ಸದ್ದು ಬರುತ್ತಿತ್ತು. ಅರಚಾಟವಿಲ್ಲ, ಅಳುವಿಲ್ಲ. ಪರರ ಮನೆಗೆ ಬಂದವರು ಬಡಿಯುವಂತೆ ಬಡಿದು, "ಸ್ವಲ್ಪ ತೆಗೀತೀರಾ?" ಎಂದು ಕೇಳುತ್ತಿದ್ದರು. ವಿಶಾಲಾಕ್ಷಿ ಹೊಸ್ತಿಲಲ್ಲಿ ಮಣೆ ಹಾಕಿ ಕುಳಿತು ಬಾಗಿಲ ಈಚೆಯಿಂದ ಮಾತನಾಡಿಸುತ್ತಿದ್ದಳು. ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಾಗು ಸರಿಯಿಲ್ಲದ ಒಂದಂಕಿಯನ್ನು ತಿದ್ದಿದ್ದಕ್ಕೆ ಒಬ್ಬ ಹೆಂಗಸಿನ ದಿನದ ಒಂದೇ ಒಂದು ಗಂಟೆ ಹೋಯಿತು ಎಂದು ನನ್ನ ಮನಸ್ಸು ನನ್ನನ್ನೇ ತಿನ್ನುತ್ತಿತ್ತು.

"ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಿ" ಎಂದಳು ವಿಶಾಲಾಕ್ಷಿ, ನಾಲ್ಕನೆಯ ದಿನ. ಬೈಯುವ ದನಿಯಲ್ಲಲ್ಲ. "ಅವ್ರು ಹೆಂಗೆ ಬರ್ದಿದ್ರೋ ಹಂಗೇ ಬರೀರಿ. ಅಷ್ಟೇ ತಾನೇ?"

ಅಷ್ಟೇ ಆಗಿದ್ದರೆ ಸುಲಭವಿತ್ತು. ಫೋಟೋದ ಆ ಮೂಲೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಟ್ರೇಸಿಂಗ್ ಪೇಪರಿಟ್ಟು ಗೆರೆಗೆ ಗೆರೆ ನಕಲು ತೆಗೆದೆ. ನೋಡಿದರೆ ಅದು ಸೊರಗಿದ ನಾಲ್ಕಾಗಿರಲಿಲ್ಲ, ಸೊರಗಿದಂತೆ ನಟಿಸುವ ನಾಲ್ಕಾಗಿತ್ತು. ಎರಡನೆಯ ಸಲ ಬರೆದಾಗ ಕೈ ತನಗೆ ತಿಳಿಯದಂತೆ ಅದನ್ನು ಒಂದೆಳೆ ಮೇಲಕ್ಕೆತ್ತಿ ಸಾಲಿಗೆ ತಂದಿತ್ತು. ಮೂರನೆಯ ಸಲ ಅಂಚಿನಿಂದ ಸರಿಯಾದ ಅಂತರ ಬಿಟ್ಟಿತ್ತು. ಚೆಂದವಾಗಿ ಬರೆಯುವುದನ್ನು ಕಲಿಯಲು ಆರು ವರ್ಷ ಹಿಡಿಯಿತೆಂದೆನಲ್ಲ, ಅದನ್ನು ಮರೆಯಲು ನನ್ನ ಬಳಿ ಆರು ದಿನವೂ ಇರಲಿಲ್ಲ. ಬಾಗಿಲು ಬಡಿಯುವ ಸದ್ದು ದಿನಾ ಹತ್ತಕ್ಕೆ ಕೇಳಿಸುತ್ತಲೇ ಇತ್ತು.

ಶುಕ್ರವಾರ ಫೋಟೋ ನೋಡುತ್ತಾ ಕುಳಿತಿದ್ದಾಗ ನಾನು ಇಷ್ಟು ದಿನ ನೋಡುತ್ತಿದ್ದದ್ದು ಅಂಕಿಯನ್ನು, ಬರೆದ ಮನುಷ್ಯನನ್ನಲ್ಲ ಎಂದು ಹೊಳೆಯಿತು. ಚನ್ನಬಸಪ್ಪನವರು ಸಣ್ಣ ನಾಲ್ಕನ್ನು ಬರೆಯಲು ಹೊರಟವರಲ್ಲ. ಅವರು ಬರೆಯಲು ಹೊರಟದ್ದು ಎರಡು ದೊಡ್ಡ ನಾಲ್ಕುಗಳನ್ನು. ಸ್ವಂತ ಮನೆ, ಹೊಸ ಗೇಟು, ಡಬ್ಬಿಯ ತಳದಲ್ಲಿ ಉಳಿದ ಬಣ್ಣ. ಮೊದಲ ನಾಲ್ಕನ್ನು ಆ ಖುಷಿಯಲ್ಲಿ ಎಳೆದಿದ್ದಾರೆ. ಎರಡನೆಯದರಲ್ಲಿರುವುದು ಅಯ್ಯೋ ಎಂಬ ಗಾಬರಿ, ಹೇಗೋ ಹೊಂದಿಸೋಣ ಎಂಬ ಸಮಾಧಾನ. ಅದನ್ನು ನಕಲು ಮಾಡಲು ಬರುವುದಿಲ್ಲ. ಅವರು ಮಾಡಿದ ಹಾಗೆ ಮಾಡಿದರೆ ಮಾತ್ರ ಅದು ಆಗುತ್ತದೆ.

ನಾನು ಸ್ಕೂಟರಿನ ಚಕ್ರದ ಅಳತೆಯನ್ನು ಆಧಾರ ಮಾಡಿಕೊಂಡು ಕಂಬದ ಅಗಲವನ್ನು ಲೆಕ್ಕ ಹಾಕಿದೆ. ಒಂಬತ್ತು ಅಂಗುಲ ಬಂತು. ಅಷ್ಟಗಲದ ಪ್ಲೈವುಡ್ ಹಲಗೆ ಕೊಯ್ಯಿಸಿ, ಕಂಬಕ್ಕಿದ್ದ ಕೆನೆಬಣ್ಣವನ್ನೇ ಬಳಿದು ಒಣಗಿಸಿದೆ. ಅಲ್ಲಿಗೆ ನನ್ನ ಅಳತೆಯ ಕೆಲಸ ಮುಗಿಯಿತು. ಶನಿವಾರ ಮಧ್ಯಾಹ್ನ ತಾರಸಿಯ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿಟ್ಟೆ. ವಿಶಾಲಾಕ್ಷಿ ನನ್ನ ಸ್ಕೇಲು, ಪೆನ್ಸಿಲು, ರಬ್ಬರು ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಎದುರಿಗೆ ಕುಳಿತಳು. ಕೈಯಲ್ಲಿ ಹಸಿರು ಎನಾಮೆಲ್ ಬಣ್ಣದ ಬ್ರಷ್ಷು ಮಾತ್ರ ಇತ್ತು. ಗುರುತಿಲ್ಲದ ಹಲಗೆಯ ಮುಂದೆ ನಿಂತು ಬ್ರಷ್ಷನ್ನು ಎರಡು ಸಲ ಡಬ್ಬಿಗೆ ಅದ್ದಿ ಅಂಚಿಗೆ ಒರೆಸಿದೆ.

"ನಮ್ಮನೆ ಗೇಟು ಅಂದ್ಕೊಂಡು ಬರೀರಿ" ಎಂದಳು ಅವಳು.

ನಮಗೆಂದೂ ಸ್ವಂತ ಗೇಟು ಇರಲಿಲ್ಲ. ಇದ್ದಿದ್ದರೆ ಎಷ್ಟು ದೊಡ್ಡದಾಗಿ ಬರೆಯುತ್ತಿದ್ದೆನೋ ಅಷ್ಟು ದೊಡ್ಡದಾಗಿ ಮೊದಲ ನಾಲ್ಕನ್ನು ಬರೆದೆ. ಬ್ರಷ್ಷು ಎತ್ತಿ ನೋಡಿದರೆ ಜಾಗ ಮುಗಿಯುತ್ತ ಬಂದಿತ್ತು. ನಿಜವಾಗಿಯೂ ಮುಗಿಯುತ್ತ ಬಂದಿತ್ತು. ಎರಡನೆಯದನ್ನು ಹೇಗೋ ತುರುಕಿದೆ, ಅದು ಕೆಳಕ್ಕೆ ಜಾರಿತು, ಬಲಗೈ ಅಂಚಿಗೆ ತಾಗಿ ಮೇಲಕ್ಕೆದ್ದಿತು. ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ನನ್ನ ಕೈಯಿಂದ ಅಷ್ಟು ಜೀವವಿದ್ದ ಅಂಕಿ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಳೆಯ ಹಲಗೆ ತೆಗೆದು ಹೊಸದನ್ನು ಹಾಕಿದೆವು. ವಿಶಾಲಾಕ್ಷಿ ಹತ್ತಕ್ಕೆ, ತನಗೂ ಮಾರುಕಟ್ಟೆಯಲ್ಲಿ ಕೆಲಸವಿದೆ ಎಂಬ ನೆಪ ಮಾಡಿ, ಟೀಚರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಹೋಗಿ ಬಂದಳು. ಕಟ್ಟಡದ ಬಾಗಿಲಲ್ಲಿ ನಿಂತು ಅವರನ್ನು ಒಬ್ಬರನ್ನೇ ಮೇಲಕ್ಕೆ ಬಿಟ್ಟಳು. ಸುಮಾ 302ರ ಒಳಗೆ, ಚಿಲಕ ಹಾಕದ ಬಾಗಿಲ ಹಿಂದೆ ನಿಂತಿದ್ದಳು. ನಾನು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತಿದ್ದೆ. ಟೀಚರ ಹೆಜ್ಜೆ ಮೊದಲ ಮಹಡಿಯಲ್ಲಿ ನಿಂತಿತು, ಎರಡನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಿತು. ಆಮೇಲೆ ಮೂರನೆಯದಕ್ಕೆ ಬಂತು. 301ರ ಮುಂದೆ ನಿಂತು ಓದಿ, ಅಲ್ಲವೆಂದು ತಲೆಯಾಡಿಸಿ, ಒಂದು ಹೆಜ್ಜೆ ಮುಂದಿಟ್ಟರು.

ಹಲಗೆಯ ಮುಂದೆ ಅವರು ಏನನ್ನೂ ಓದಲಿಲ್ಲ. ಚೀಲವನ್ನು ಎಡಗೈಗೆ ಬದಲಿಸಿ, ಬಲಗೈಯ ತೋರುಬೆರಳಿನಿಂದ ಆ ಸಣ್ಣ ನಾಲ್ಕನ್ನು ಮುಟ್ಟಿದರು. ನನ್ನನ್ನು ಕಂಡು, ಪಕ್ಕದ ಮನೆಯವರ ಹತ್ತಿರ ಗಂಡನ ಮೇಲೆ ದೂರು ಹೇಳುವ ದನಿಯಲ್ಲಿ, "ಜಾಗ ಸಾಲ್ಲಿಲ್ಲ ನೋಡಿ ಇವ್ರಿಗೆ. ಮೊದ್ಲೇ ಅಳತೆ ಮಾಡ್ಕೊಳ್ಳಿ ಅಂತ ಬಡ್ಕೊಂಡೆ, ಕೇಳ್ಲಿಲ್ಲ" ಎಂದರು.

ನಕ್ಕರು. ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಒಳಗಿನಿಂದ ಸುಮಾ ಅಳುವ ಸದ್ದೂ, ಯಾಕಮ್ಮಾ, ಕಣ್ಣಿಗೇನು ಬಿತ್ತು ಎಂದು ಅವರು ಕೇಳುವ ಸದ್ದೂ ಕೇಳಿಸಿತು. ಈ ಹಲಗೆ ಎಷ್ಟು ದಿನ ಅವರನ್ನು ಮನೆ ಸೇರಿಸುತ್ತದೆಂದು ಯಾರಿಗೂ ಗೊತ್ತಿಲ್ಲ. ಮರೆವು ಮುಂದುವರಿಯುವಂಥದ್ದು, ಅದಕ್ಕೆ ಹಲಗೆಯ ಮದ್ದಿಲ್ಲ ಎಂದು ಸಂಜೆ ಸುಮಾಳೇ ನನಗೆ ಸಮಾಧಾನವಾಗಿ ಹೇಳಿದಳು. ನಾನು ಹೂಂ ಎಂದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಪೇಪರು ಹಿಡಿದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ಒಂದಕ್ಷರವೂ ಓದಲಿಲ್ಲ. ಎದುರು ಬಾಗಿಲು ತೆರೆಯಿತು, "ಬರ್ತೀನಮ್ಮ" ಎಂದಳು ಸುಮಾ, ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಬೀಗ ಹಾಕಿದ ಸದ್ದು ಬರಲಿಲ್ಲ.